ಪಕ್ಕದ ಪ್ಲಾಟಿನ ಕನೋಲಾ

ಗಣಿತದ ಮೇಷ್ಟ್ರುಗಳು ತರಗತಿಯ ಒಳಗೆ ಹುಷಾರಾಗಿರುತ್ತೇವೆ. ಹೊರಗೆ ಕಾಲಿಟ್ಟರೆ ಏನಾದರೊಂದು ಆಗಿಯೇ ಆಗುತ್ತದೆ. ನನಗೆ ಸುಮಾರಾಗಿ ವಾರಕ್ಕೊಂದು ಆಗುತ್ತದೆ. ಆದರೆ ಕಳೆದ ಅಕ್ಟೋಬರಿನಿಂದ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದವರೆಗಿನ ಎಂಟು ವಾರಗಳಲ್ಲಿ ಆದದ್ದೆಲ್ಲ ಒಂದೇ ವಿಷಯಕ್ಕೆ ಸೇರಿದ್ದು. ಅದಕ್ಕೇ ಒಟ್ಟಿಗೆ ಬರೆದಿಡುತ್ತಿದ್ದೇನೆ.

ನಾನು ಟೆಕ್ಸಾಸಿನ ಡಾಲಸ್ ಪಕ್ಕದ ಲೂಯಿಸ್‌ವಿಲ್‌ನ ಒಂದು ಶಾಲೆಯಲ್ಲಿ ಏಳನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ನಮ್ಮ ಮನೆಯಿಂದ ಪಕ್ಕದೂರು ಕಾಪೆಲ್ ಕಡೆಗೆ ಹೋಗುವ ದಾರಿಯಲ್ಲಿ ಒಂದು ಸಮುದಾಯ ತೋಟವಿದೆ. ಅರ್ಜಿ ಹಾಕಿದವರಿಗೆ ಇಪ್ಪತ್ತಡಿ ಉದ್ದ, ಹತ್ತಡಿ ಅಗಲದ ಪ್ಲಾಟ್ ಕೊಡುತ್ತಾರೆ. ಅಲ್ಲಿ ಬಹುತೇಕ ನಮ್ಮವರೇ ಬೆಂಡೆ, ಮೆಂತ್ಯ, ಹೀರೆ ಬೆಳೆಯುತ್ತಾರೆ. ಹೋದ ಬೇಸಿಗೆಯಲ್ಲಿ ತೋಟದ ಮೇಲ್ವಿಚಾರಕ, ದೊಡ್ಡ ಹ್ಯಾಟಿನ ಟೆಕ್ಸಾಸ್ ಮನುಷ್ಯ, ಕೆನಡಾದಲ್ಲಿ ಕನೋಲಾ ಬೆಳೆಯುವ ತನ್ನ ತಂಗಿಯ ಮನೆಯಿಂದ ಎರಡು ಪೊಟ್ಟಣ ಬೀಜ ತಂದು, ಯಾರಾದರೂ ಬಿತ್ತಿ ನೋಡುತ್ತೀರಾ ಎಂದು ಕೇಳಿದ. ಕನೋಲಾ ಎಂದರೆ ಸಾಸಿವೆಯ ತಂಗಿ ಎನ್ನಬಹುದು. ಅದೇ ಹಳದಿ ಹೂ, ಅದೇ ಸಪೂರ ಕಾಯಿ, ಕಾಳು ಹಿಂಡಿದರೆ ಎಣ್ಣೆ. ಒಂದು ಪೊಟ್ಟಣ ನನ್ನ ಹೆಂಡತಿ ತೆಗೆದುಕೊಂಡಳು. ಇನ್ನೊಂದನ್ನು ಪಕ್ಕದ ಪ್ಲಾಟಿನ ಧಾರವಾಡದ ಆಂಟಿ ತೆಗೆದುಕೊಂಡರು.

ಆಗಸ್ಟ್ ಕೊನೆಗೆ ಇಬ್ಬರೂ ಬಿತ್ತಿದರು. ಸೆಪ್ಟೆಂಬರ್ ಕೊನೆಗೆ ನನ್ನ ಹೆಂಡತಿ ತೀರಿಕೊಂಡಳು. ಹೃದಯಾಘಾತ, ಒಂದು ಭಾನುವಾರ ಬೆಳಗ್ಗೆ. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಇಲ್ಲಿಗೆ ಬೇಕಾದದ್ದು ಇಷ್ಟೇ: ಅವಳು ಬಿತ್ತಿದ ಕೊನೆಯ ಬೆಳೆ ಪ್ಲಾಟಿನಲ್ಲಿ ನಿಂತಿತ್ತು. ಅದನ್ನು ನಾನೇ ಕೊಯ್ಯಬೇಕು, ಬೇರೆ ಯಾರ ಕೈಯೂ ಅದಕ್ಕೆ ತಾಗಬಾರದು ಎಂದು ತೀರ್ಮಾನಿಸಿದೆ. ಬೇರೆ ಯಾರ ಎಂದರೆ, ಧಾರವಾಡದ ಆಂಟಿಯ.

೧. ಅಳತೆ

ಆಂಟಿ ಲಾಸ್ ಕೊಲಿನಾಸ್‌ನ ಆಫೀಸುಗಳಿಗೆ ಊಟದ ಡಬ್ಬಿ ಕಳಿಸುವವರು. ನನಗಿಂತ ಎಂಟೇ ವರ್ಷ ದೊಡ್ಡವರು, ಆದರೆ ಊರಿಗೆಲ್ಲ ಆಂಟಿ. ನನ್ನ ಹೆಂಡತಿಯೂ ಧಾರವಾಡದವಳೇ. ನಾನು ಮೈಸೂರಿನವನಾದ್ದರಿಂದ ನನ್ನ ಜೊತೆ ಇಪ್ಪತ್ತಾರು ವರ್ಷ ಮೈಸೂರಿನ ಕನ್ನಡವನ್ನೇ ಆಡಿದಳು. ಆ ಪ್ಲಾಟಿಗೆ ಹೋದ ದಿನ ಮಾತ್ರ ಮನೆಗೆ ಬಂದ ಮೇಲೂ ಅರ್ಧ ಗಂಟೆ ಧಾರವಾಡದ ಮಾತು ಅವಳ ಬಾಯಿಂದ ಇಳಿಯುತ್ತಿರಲಿಲ್ಲ. ನನಗೆ ಆಗಲೇ ಆಂಟಿಯನ್ನು ಕಂಡರೆ ಅಷ್ಟಕ್ಕಷ್ಟೆ.

ಅಕ್ಟೋಬರಿನಲ್ಲಿ ನಾನು ಮೊದಲ ಸಲ ಒಬ್ಬನೇ ತೋಟಕ್ಕೆ ಹೋದೆ. ನಮ್ಮದು ಹನ್ನೆರಡನೇ ನಂಬರ್, ಆಂಟಿಯದು ಹನ್ನೊಂದು. ಆಂಟಿ ಎರಡೂ ಪ್ಲಾಟಿಗೆ ನೀರು ಬಿಡುತ್ತಿದ್ದರು. ಹನ್ನೊಂದರ ಗಿಡಗಳು ಹನ್ನೆರಡಕ್ಕಿಂತ ಎತ್ತರವಾಗಿ ಕಂಡವು. ಕಂಡದ್ದನ್ನು ನಂಬುವ ಅಭ್ಯಾಸ ನನಗಿಲ್ಲ. ಮರುದಿನ ಶಾಲೆಯಿಂದ ಮೀಟರ್ ಸ್ಕೇಲ್ ತಂದು, ಪ್ರತಿ ಪ್ಲಾಟಿನಲ್ಲಿ ಹತ್ತು ಗಿಡ ಅಳೆದು ಸರಾಸರಿ ತೆಗೆದೆ. ಆಂಟಿಯದು ಇಪ್ಪತ್ತೊಂದು ಸೆಂಟಿಮೀಟರ್ ಹೆಚ್ಚು.

ಏನು ಗೊಬ್ಬರ ಹಾಕಿದಿರಿ ಎಂದು ಕೇಳಿದೆ. ಏನೂ ಇಲ್ಲ ಎಂದರು.

"ಬಿತ್ತಿದ ಕೈ ಗುಣಾರಿ ಅದು, ಮಾಸ್ತರ್ರ."

ತಮ್ಮ ಕೈಯನ್ನು ತಾವೇ ಹೀಗೆ ಹೊಗಳಿಕೊಳ್ಳುವವರನ್ನು ನಾನು ಕಂಡಿರಲಿಲ್ಲ. ಹೊಟ್ಟೆಯೊಳಗೆ ಒಗ್ಗರಣೆ ಚಟಪಟ ಎಂದಿತು. ಆಂಟಿ ಮುಂದುವರಿದು, ನಿಮ್ಮವಳು ದಿನಾ ಗಿಡಗಳ ಜೊತೆ ಮಾತಾಡುತ್ತಿದ್ದಳು, ಈಗ ಅವಕ್ಕೆ ಮಾತಿಲ್ಲ, ನೀವಾದರೂ ನಾಲ್ಕು ಮಾತಾಡಿ ಎಂದರು.

ಅವರು ಹೋಗುವವರೆಗೆ ಕಾದು, ನಮ್ಮ ಗಿಡಗಳ ಎದುರು ನಿಂತೆ. ಮಾತು ಬರಲಿಲ್ಲ. ಮನೆಯಲ್ಲೂ ಮಾತಾಡುತ್ತಿದ್ದವಳು ಅವಳೇ. ಕೊನೆಗೆ, ಬಾಯಿಗೆ ಬರುವುದನ್ನೇ ಹೇಳೋಣವೆಂದು ಹದಿಮೂರರ ಮಗ್ಗಿ ಶುರುಮಾಡಿದೆ. ಹದಿಮೂರು ಏಳು ತೊಂಬತ್ತೊಂದರ ಹೊತ್ತಿಗೆ ಹಿಂದೆ ಸದ್ದಾಯಿತು. ನನ್ನದೇ ತರಗತಿಯ ಹುಡುಗಿ, ತಾಯಿಯ ಜೊತೆ ಟೊಮೆಟೊ ಕೀಳಲು ಬಂದವಳು, ಪೂರ್ತಿ ಕೇಳಿಸಿಕೊಂಡಿದ್ದಳು. ಏನೂ ಅನ್ನಲಿಲ್ಲ, ಒಳ್ಳೆಯ ಮಗು.

ಮರುದಿನ ಹೋಮ್‌ವರ್ಕ್ ತರದ ಒಬ್ಬನನ್ನು ಎಬ್ಬಿಸಿ ನಿಲ್ಲಿಸಿದಾಗ ಅವನು ವಿನಯದಿಂದ ಕೇಳಿದ: "ಸರ್, ಗಿಡಗಳು ತಂದವಾ?"

೨. ಫೋಟೊ

ಅಕ್ಟೋಬರ್ ನಡುವಿಗೆ ಎರಡೂ ಪ್ಲಾಟು ಹಳದಿಯಾದವು. ಸುದ್ದಿ ಕಾಪೆಲ್‌ವರೆಗೆ ಹೋಯಿತು. ದೀಪಾವಳಿಯ ಫೋಟೊಗೆಂದು ಜನ ಸೀರೆ, ಕುರ್ತಾ ಹಾಕಿಕೊಂಡು ಬರತೊಡಗಿದರು. ಬಂದವರೆಲ್ಲ ನಿಂತದ್ದು ಹನ್ನೊಂದರ ಮುಂದೆ. ಎತ್ತರದ ಗಿಡ, ಸೊಂಟದವರೆಗೆ ಹೂ ಬರುತ್ತದೆ. ನಮ್ಮದರ ಮುಂದೆ ನಿಂತರೆ ಹೂ ತೊಡೆಯವರೆಗೆ ಅಷ್ಟೆ.

ಒಂದು ಶನಿವಾರ ಹೊಸದಾಗಿ ಮದುವೆಯಾದ ಜೋಡಿ ಬಂತು. ಹುಡುಗಿ ಫೋನನ್ನು ನನ್ನ ಕೈಗಿತ್ತು, ಅಂಕಲ್, ಒಂದು ಫೋಟೊ ತೆಗೀತೀರಾ, ಹಿಂದೆ ಹೂ ಬರಬೇಕು ಎಂದಳು. ಖಂಡಿತ ಎಂದೆ. ಅವರು ನಿಂತದ್ದು ಎರಡು ಪ್ಲಾಟುಗಳ ಗಡಿಯಲ್ಲಿ, ಹುಡುಗ ಹನ್ನೊಂದರ ಕಡೆ, ಹುಡುಗಿ ಹನ್ನೆರಡರ ಕಡೆ. ನಾನು ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಫೋನನ್ನು ಒಂದಿಷ್ಟು ಬಲಕ್ಕೆ ತಿರುಗಿಸಿ, ನಮ್ಮ ಹೂವು ಮಾತ್ರ ತುಂಬುವಂತೆ ನೋಡಿಕೊಂಡು, ಐದು ಫೋಟೊ ತೆಗೆದುಕೊಟ್ಟೆ.

ಹುಡುಗಿ ಒಂದೊಂದಾಗಿ ಐದನ್ನೂ ನೋಡಿದಳು. "ಅಂಕಲ್, ನನ್ನ ಗಂಡ ಎಲ್ಲಿ?"

"ಹೂವು ಚೆನ್ನಾಗಿ ಬಂದಿದೆಯಮ್ಮ," ಎಂದೆ.

೩. ಪಂಚೆ

ಡಾಲಸ್ ಕಡೆ ಹಿಮ ಬಿದ್ದರೆ ಜನವರಿಯಲ್ಲೋ ಫೆಬ್ರವರಿಯಲ್ಲೋ. ಹೋದ ವರ್ಷ ಥ್ಯಾಂಕ್ಸ್‌ಗಿವಿಂಗಿಗೆ ಒಂದು ವಾರ ಮುಂಚೆಯೇ, ಭಾನುವಾರ ರಾತ್ರಿ ಬಿತ್ತು. ಇಲ್ಲಿಯವರಿಗೆ ಹಿಮವೆಂದರೆ ಪ್ರಳಯ. ಅಂಗಡಿಗಳಲ್ಲಿ ಹಾಲು, ಬ್ರೆಡ್ಡು ಖಾಲಿ, ಶಾಲೆಗೆ ರಜೆ, ರಸ್ತೆಯ ಮೇಲೆ ನರಪಿಳ್ಳೆ ಇಲ್ಲ. ಹೂವೆಲ್ಲ ಕಾಯಾಗಿ, ಕಾಯಿ ಕಂದು ಬಣ್ಣಕ್ಕೆ ತಿರುಗಿ, ಇನ್ನೊಂದು ವಾರಕ್ಕೆ ಕೊಯ್ಯಬೇಕು ಎನ್ನುವಾಗ ಹೀಗಾಯಿತು.

ಸೋಮವಾರ ಬೆಳಗ್ಗೆ ಗಂಟೆಗೆ ಹದಿನೈದು ಮೈಲಿ ವೇಗದಲ್ಲಿ ಡ್ರೈವ್ ಮಾಡಿಕೊಂಡು ತೋಟಕ್ಕೆ ಹೋದೆ. ಬೆಳೆ ಹಿಮದ ಭಾರಕ್ಕೆ ಅರ್ಧ ಬಾಗಿತ್ತು. ಆಂಟಿ ಹಿಂದಿನ ಸಂಜೆಯೇ ಬಂದು ತಮ್ಮ ಪ್ಲಾಟಿಗೆ ಹಳೇ ಸೀರೆಗಳನ್ನು ಹೊದಿಸಿದ್ದರು. ಮೂರು ಸೀರೆ. ಹಿಮ ಕೊಡವಿ ನೋಡಿದರೆ ನಡುವಿನದು ನನಗೆ ಗೊತ್ತಿದ್ದ ಸೀರೆ. ನೀಲಿ ಇಳಕಲ್, ಕೆಂಪು ಸೆರಗು. ನನ್ನ ಹೆಂಡತಿಯದು.

ಅಲ್ಲಿಂದಲೇ ಫೋನ್ ಮಾಡಿದೆ. ಆಂಟಿ ನಿರಾಳವಾಗಿ ಹೇಳಿದರು: "ಅಕೀನ ಕೊಟ್ಟದ್ದರಿ. ನನಗ ಒಪ್ಪೂದಿಲ್ಲ, ನೀವ ಉಟ್ಕೋರಿ ಅಂತ."

ನನ್ನನ್ನು ಕೇಳಿದ್ದರೆ ಒಪ್ಪುತ್ತದೆ ಎನ್ನುತ್ತಿದ್ದೆ. ಕೇಳಿರಲಿಲ್ಲ. ಈಗ ಅವಳ ಸೀರೆ ಆಂಟಿಯ ಕನೋಲಾವನ್ನು ಬೆಚ್ಚಗಿಟ್ಟಿತ್ತು, ಅವಳ ಕನೋಲಾ ಚಳಿಯಲ್ಲಿ ಬರಿಮೈಯಲ್ಲಿತ್ತು. ಸೀದಾ ಮನೆಗೆ ಹೋಗಿ, ಬೀರುವಿನಲ್ಲಿದ್ದ ನನ್ನ ಪಂಚೆಗಳನ್ನೆಲ್ಲ ತಂದೆ. ಆರು ಬಿಳಿ ಪಂಚೆ. ಸಾಲಾಗಿ ಉದ್ದಕ್ಕೆ ಹೊದಿಸಿ, ಪ್ರತಿಯೊಂದರ ನಾಲ್ಕು ಮೂಲೆಗೂ ಕಲ್ಲಿಟ್ಟೆ. ಹಿಂದೆ ಸರಿದು ನೋಡಿದರೆ ಅಚ್ಚುಕಟ್ಟಾಗಿತ್ತು.

ತೋಟದ ಬೇಲಿಯಾಚೆ ನಾಯಿಯನ್ನು ತಿರುಗಾಡಿಸುತ್ತಿದ್ದ ಒಬ್ಬರಿಗೆ ಅದು ಬೇರೆ ರೀತಿ ಕಂಡಿದೆ. ಸಾಲಾಗಿ ಆರು ಉದ್ದನೆಯ ಉಬ್ಬು, ಮೇಲೆ ಬಿಳಿ ಬಟ್ಟೆ, ಪಕ್ಕದಲ್ಲಿ ತಲೆ ತಗ್ಗಿಸಿ ನಿಂತ ಒಬ್ಬ ಮನುಷ್ಯ. ಇಪ್ಪತ್ತು ನಿಮಿಷದಲ್ಲಿ ಪೊಲೀಸ್ ಕಾರು ಬಂತು.

ಪೊಲೀಸ್ ಹುಡುಗ ಬಹಳ ಚಿಕ್ಕವನು. ಕೈ ಕಾಣುವಂತೆ ನಿಲ್ಲಲು ನನಗೆ ಹೇಳಿ, ಮೊದಲನೇ ಪಂಚೆಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ಮುಖ ಅತ್ತ ತಿರುಗಿಸಿಕೊಂಡೇ ಎತ್ತಿದ. ಆಮೇಲೆ ಒಂದು ಕಣ್ಣು ತೆರೆದು ನೋಡಿದ. ಇದೇನು ಎಂದು ಕೇಳಿದ. ಕನೋಲಾ ಎಂದೆ. ಅವನು ಉಸಿರು ಬಿಟ್ಟು, ಕಾಯಿಗಳನ್ನು ಮುಟ್ಟಿ ನೋಡಿ, ಸತ್ತು ಹೋಗಿವೆಯೇ ಎಂದು ಕೇಳಿದ.

ಯಾವ ಪ್ರಶ್ನೆಗೂ ಖಚಿತವಾದ ಉತ್ತರ ಕೊಡುವುದು ನನ್ನ ಅಭ್ಯಾಸ. "ಕರಗುವವರೆಗೆ ಹೇಳಲಾಗುವುದಿಲ್ಲ, ಆಫೀಸರ್," ಎಂದೆ. ಅವನು ಟೋಪಿ ತೆಗೆದು ಒಂದು ನಿಮಿಷ ಸುಮ್ಮನೆ ನಿಂತು ಹೋದ.

೪. ನೂರು ಕಾಳು

ಮೇಲ್ವಿಚಾರಕ ಕೆನಡಾದ ತಂಗಿಗೆ ಫೋನ್ ಮಾಡಿ ವಿಚಾರಿಸಿದ. ಆಕೆ ನಕ್ಕು, ಮೊದಲು ಆ ಬಟ್ಟೆಗಳನ್ನೆಲ್ಲ ತೆಗೆಯಿರಿ, ಹಿಮವೇ ಕಂಬಳಿ ಎಂದಳಂತೆ. ನಮ್ಮಲ್ಲಿ ಹಿಮ ಬಿದ್ದ ಮೇಲೂ ಕೊಯ್ಯುತ್ತೇವೆ, ಗಾಬರಿ ಬೇಡ. ಆದರೆ ಕಾಳು ಮಾಗುವ ಮುಂಚೆ ಚಳಿ ಹಿಡಿದರೆ ಒಳಗೆ ಹಸಿರು ಹಾಗೇ ಉಳಿದು ಎಣ್ಣೆ ಕೆಡುತ್ತದೆ. ನೂರು ಕಾಳನ್ನು ಅಂಟುಪಟ್ಟಿಯ ಮೇಲೆ ಕೂರಿಸಿ, ಲಟ್ಟಣಿಗೆಯಿಂದ ಜಜ್ಜಿ, ಎಷ್ಟು ಹಸಿರು ಎಂದು ಎಣಿಸಿ ನೋಡಿ.

ಎಣಿಸುವುದೆಂದರೆ ನನ್ನ ಕ್ಷೇತ್ರ. ಆಂಟಿ ಬಂದು ಸೀರೆಗಳನ್ನು ತೆಗೆದುಕೊಂಡು ಹೋದ ಮೇಲೆ, ಪಂಚೆಗಳನ್ನು ಮಡಿಸಿಕೊಂಡು ಹೊರಡುವ ಮೊದಲು ನಮ್ಮ ಪ್ಲಾಟಿನಿಂದ ಹತ್ತು ಕಾಯಿ ಬಿಡಿಸಿಕೊಂಡೆ. ಆಮೇಲೆ ಸುತ್ತ ನೋಡಿ, ಹೋಲಿಕೆಗೆ ಇರಲೆಂದು, ಹನ್ನೊಂದರಿಂದಲೂ ಹತ್ತು ಕಾಯಿ ಬಿಡಿಸಿ ಜೇಬಿಗೆ ಹಾಕಿದೆ. ಇದಕ್ಕೆ ಕಳ್ಳತನ ಎನ್ನುವುದಿಲ್ಲ, ಸ್ಯಾಂಪಲ್ ಎನ್ನುತ್ತಾರೆ.

ಮಂಗಳವಾರ ಶಾಲೆ ಎರಡು ಗಂಟೆ ತಡವಾಗಿ ತೆರೆಯಿತು. ಅಂದು ಶೇಕಡಾವಾರು ಪಾಠ. ಎರಡು ಲಕೋಟೆಯ ಮೇಲೆ ಎ, ಬಿ ಎಂದು ಮಾತ್ರ ಬರೆದು ಮಕ್ಕಳಿಗೆ ಕೊಟ್ಟೆ. ಎ ನಮ್ಮದು, ಬಿ ಆಂಟಿಯದು ಎಂದು ಹೇಳಲಿಲ್ಲ. ಪಕ್ಷಪಾತ ಇರಬಾರದು. ಮಕ್ಕಳು ಸಂಭ್ರಮದಿಂದ ಜಜ್ಜಿದರು. ಎ ನೂರರಲ್ಲಿ ಹದಿನಾಲ್ಕು ಹಸಿರು. ಬಿ ನೂರರಲ್ಲಿ ಮೂರು.

ಇನ್ನೊಮ್ಮೆ ಎಣಿಸಿ ಎಂದೆ. ಹದಿನಾಲ್ಕು, ಮೂರು. ಗುಂಪು ಬದಲಿಸಿ ಎಣಿಸಿ ಎಂದೆ. ಅದೇ ಬಂತು. ಕಿಟಕಿಯ ಹತ್ತಿರ ಬೆಳಕು ಚೆನ್ನಾಗಿದೆ, ಅಲ್ಲಿ ಹೋಗಿ ನೋಡೋಣ ಎಂದಾಗ, ಮಗ್ಗಿ ಕೇಳಿಸಿಕೊಂಡಿದ್ದ ಅದೇ ಹುಡುಗಿ ಕೈಯೆತ್ತಿದಳು.

"ಸರ್, ಬೇಕಾದ ಉತ್ತರ ಬರೋವರೆಗೆ ಅಳೆಯೋದು ವಿಜ್ಞಾನ ಅಲ್ಲ ಅಂತ ನೀವೇ ಗೋಡೆ ಮೇಲೆ ಬರೆದು ಹಾಕಿದ್ದೀರಿ."

ಗೋಡೆಯ ಮೇಲೆ ಬರೆಯುವಾಗ ನಮ್ಮ ಪ್ಲಾಟಿನಲ್ಲಿ ಕನೋಲಾ ಇರಲಿಲ್ಲ.

೫. ಹಂಚಿಕೆ

ಬುಧವಾರ ರಾತ್ರಿ ಮತ್ತೆ ಹಿಮ, ಮೊದಲಿನದಕ್ಕಿಂತ ಜಾಸ್ತಿ. ಗುರುವಾರ, ಶುಕ್ರವಾರ ಎರಡೂ ದಿನ ಶಾಲೆಗೆ ರಜೆ. ಹ್ಯೂಸ್ಟನ್‌ನಿಂದ ನನ್ನ ಹೆಂಡತಿಯ ತಮ್ಮ ಫೋನ್ ಮಾಡಿದ. ಅಲ್ಲಿ ಅಂಗಿ ಬೆವರುವಷ್ಟು ಸೆಕೆಯಂತೆ. ಹಿಮ ನೋಡುವ ಭಾಗ್ಯ ನಿಮಗೇ ಎಂದು ಹೊಟ್ಟೆಕಿಚ್ಚು ಪಟ್ಟ. ಹೊಟ್ಟೆಕಿಚ್ಚು ಎಂದರೇನು ಎಂದು ಅವನಿಗೆ ಹೇಳಿಕೊಡಬೇಕೆನಿಸಿತು. ಮಾತಿನ ನಡುವೆ, ಅಕ್ಕ ಮೊದಲ ಬಾಟಲಿ ಎಣ್ಣೆ ನನಗೇ ಎಂದಿದ್ದಳು, ಮರೆಯಬೇಡಿ ಭಾವ ಎಂದ.

ನನಗೆ ಗೊತ್ತಿರಲಿಲ್ಲ. ಸಂಜೆ ಆಸ್ಟಿನ್‌ನಲ್ಲಿ ಓದುತ್ತಿರುವ ಮಗಳಿಗೆ ಹೇಳಿದೆ. ಅವಳು ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಅದು ಹೇಗೆ, ಅಮ್ಮ ಮೊದಲ ಬಾಟಲಿ ನನಗೆ ಎಂದಿದ್ದಳು, ಮೆಸೇಜ್ ಇದೆ ತೋರಿಸಲೇ ಎಂದಳು. ಆಂಟಿಯನ್ನು ವಿಚಾರಿಸಿದರೆ, ಅವರಿಗೂ ಮೊದಲ ಬಾಟಲಿಯೇ ಎಂದು ಮಾತಾಗಿತ್ತು.

ರಾತ್ರಿ ಊಟವಾದ ಮೇಲೆ ಪ್ಲಾಟಿನ ವಿಸ್ತೀರ್ಣ, ಗಿಡದ ಸಂಖ್ಯೆ, ಹಿಮದಲ್ಲಿ ಉದುರುವ ಕಾಳು, ಶೇಕಡಾ ಹದಿನಾಲ್ಕು ಹಸಿರು, ಎಲ್ಲ ಕಳೆದು ಅಂದಾಜು ಮಾಡಿದೆ. ಎಲ್ಲ ಸರಿಯಾದರೂ ಒಂದು ಬಾಟಲಿ ತುಂಬುವುದಿಲ್ಲ. ಮೊದಲ ಬಾಟಲಿಗಳು ಮಾತ್ರ ಮೂರು ಇದ್ದವು.

ಇದಕ್ಕಿಂತ ಚುಚ್ಚಿದ್ದು ಬೇರೆ. ಮೂವರಿಗೂ ಮಾತು ಕೊಟ್ಟವಳು ನನಗೆ ಏನೂ ಕೊಟ್ಟಿರಲಿಲ್ಲ. ಮಗಳಿಗೆ ಮತ್ತೆ ಫೋನ್ ಮಾಡಿ, ನನಗೆ ಎಷ್ಟು ಅಂದಿದ್ದಳು ಎಂದು ಕೇಳಿಯೇಬಿಟ್ಟೆ. ಅವಳು, ಅಪರೂಪಕ್ಕೆ, ಕನ್ನಡದಲ್ಲಿ ಹೇಳಿದಳು.

"ಅಪ್ಪಾ, ಹಂಚೋ ಲೆಕ್ಕ ನಿಮ್ದು ಅಂದಿದ್ಳು."

೬. ಹನ್ನೆರಡನೆಯದು

ಮೇಲ್ವಿಚಾರಕ ಗುರುವಾರವೇ ಎಲ್ಲರಿಗೂ ಮೆಸೇಜ್ ಕಳಿಸಿದ್ದ. ಭಾನುವಾರ ದಕ್ಷಿಣದಿಂದ ಒಣಗಾಳಿ ಜೋರಾಗಿ ಬೀಸಲಿದೆ. ಗಾಳಿ ಬಂದರೆ ಒಣಗಿದ ಕಾಯಿ ಬಾಯಿಬಿಟ್ಟು ಕಾಳೆಲ್ಲ ನೆಲದ ಪಾಲು. ಕೊಯ್ಯುವವರು ಅದಕ್ಕೆ ಮುಂಚೆ, ಸೂರ್ಯ ಬರುವ ಮೊದಲು, ಕಾಯಿ ಇನ್ನೂ ತಣ್ಣಗೆ ತೇವವಾಗಿದ್ದಾಗ ಕೊಯ್ದುಕೊಳ್ಳಿ.

ಆಂಟಿ ಫೋನ್ ಮಾಡಿ, ಶನಿವಾರ ಬೆಳಗ್ಗೆ ಇಬ್ಬರೂ ಕೂಡಿ ಕೊಯ್ಯೋಣ, ನಮ್ಮನೆಯವರು ಕಾರಿನಲ್ಲಿ ಚಹಾ ಇಟ್ಟುಕೊಂಡು ಕೂತಿರುತ್ತಾರೆ ಎಂದರು. ಆಗಲಿ ಎಂದೆ. ಶುಕ್ರವಾರ ಬೆಳಗ್ಗೆ ಆರೂ ಕಾಲಿಗೆ, ಕುಡುಗೋಲು ಸಿಗದೆ ಹೂಗಿಡ ಕತ್ತರಿಸುವ ಕತ್ತರಿ ಹಿಡಿದು, ನಾನೊಬ್ಬನೇ ಗೇಟಿನಲ್ಲಿ ನಿಂತಿದ್ದೆ.

ತೋಟವೆಲ್ಲ ಒಂದೇ ಬಿಳಿ. ಬೆಳೆ ಪೂರ್ತಿ ಮಲಗಿತ್ತು, ಎತ್ತರ ಗಿಡ್ಡ ಎನ್ನುವ ಭೇದವಿಲ್ಲ. ಪ್ಲಾಟಿನ ನಂಬರ್ ಬೋರ್ಡುಗಳು ಒಂದು ಗೇಣೂ ಎತ್ತರವಿಲ್ಲದವು, ಹಿಮದೊಳಗೆ ಮುಳುಗಿದ್ದವು. ನನಗೆ ಚಿಂತೆಯಾಗಲಿಲ್ಲ. ಗೇಟಿನಿಂದ, ಹಿಮದಡಿ ಉಬ್ಬಿ ಕಾಣುತ್ತಿದ್ದ ಒಂದೊಂದೇ ಮರದ ಚೌಕಟ್ಟು ಎಣಿಸುತ್ತ ನಡೆದೆ. ಹನ್ನೆರಡನೆಯದರ ಮುಂದೆ ನಿಂತು, ಹಿಮ ಸರಿಸಿ, ಕನೋಲಾ ಎಂದು ಖಚಿತ ಮಾಡಿಕೊಂಡು, ಮಂಡಿಯೂರಿದೆ. ಎರಡೂವರೆ ಗಂಟೆ ಹಿಡಿಯಿತು. ಒಂದೊಂದು ಗಿಡವನ್ನೂ ಬುಡದಲ್ಲಿ ಕತ್ತರಿಸಿ ಬೆಡ್‌ಶೀಟಿನ ಮೇಲಿಟ್ಟೆ. ಬೆರಳು ಮರಗಟ್ಟಿತ್ತು. ಎಂಟು ವಾರದಲ್ಲಿ ಮೊದಲ ಸಲ ಸಮಾಧಾನವಾಗಿತ್ತು ಎಂದರೆ ಸುಳ್ಳಲ್ಲ. ಅವಳು ಬಿತ್ತಿದ್ದು, ನಾನು ಕೊಯ್ದದ್ದು, ನಡುವೆ ಯಾರೂ ಇಲ್ಲ.

ಶುಕ್ರವಾರವಿಡೀ ಗ್ಯಾರೇಜಿನಲ್ಲಿ ಹೀಟರ್ ಮತ್ತು ಎರಡು ಫ್ಯಾನ್ ಹಾಕಿ ಒಣಗಿಸಿದೆ. ಶನಿವಾರ ಬೆಳಗ್ಗೆ, ನನಗಾಗಿ ಕಾಯಬೇಡಿ ಎಂದಷ್ಟೇ ಆಂಟಿಗೆ ಮೆಸೇಜ್ ಕಳಿಸಿ, ಒಕ್ಕಣೆಗೆ ಇಳಿದೆ. ನಮ್ಮೂರ ಕಡೆ ಹುರುಳಿಯನ್ನು ಟಾರು ರಸ್ತೆಯ ಮೇಲೆ ಹರಡಿಬಿಡುತ್ತಾರೆ. ಬಸ್ಸು ಲಾರಿಗಳು ಓಡಾಡಿ ತಾವೇ ಒಕ್ಕಿಕೊಡುತ್ತವೆ. ಮನೆಯೆದುರು ಹಿಮ ಕರಗಿದ್ದ ಜಾಗದಲ್ಲಿ ಟಾರ್ಪಾಲು ಹಾಸಿ, ಬೆಳೆ ಹರಡಿ, ಮೆಟ್ಟಿಲ ಮೇಲೆ ಕೂತು ಕಾದೆ. ಮುಕ್ಕಾಲು ಗಂಟೆಯಲ್ಲಿ ಮೂರು ಕಾರು ಬಂದವು. ಮೊದಲನೆಯದು ವಿನಯದಿಂದ ಸುತ್ತು ಹಾಕಿಕೊಂಡು ಹೋಯಿತು. ಎರಡನೆಯದು ಹಿಂದಕ್ಕೆ ಹೋಗಿ ಬೇರೆ ರಸ್ತೆ ಹಿಡಿಯಿತು. ಮೂರನೆಯವನು ಕಾರು ನಿಲ್ಲಿಸಿ ಇಳಿದು, ನಿಮ್ಮ ಟ್ರಕ್ಕಿನಿಂದ ಏನೋ ಬಿದ್ದಿದೆ ಎಂದು ಆರಿಸಿಕೊಡಲು ಬಂದ. ದಯವಿಟ್ಟು ಇದರ ಮೇಲೆ ಹತ್ತಿಸಿಕೊಂಡು ಹೋಗಿ ಎಂದು ಬೇಡಿಕೊಂಡೆ. ಅವನು ನನ್ನ ಮುಖ ನೋಡಿ, ಮನೆಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂದು ಮೆಲ್ಲಗೆ ಕೇಳಿದ.

ಕೊನೆಗೆ ಟಾರ್ಪಾಲನ್ನು ನಮ್ಮ ಡ್ರೈವ್‌ವೇಗೆ ಎಳೆದು, ನನ್ನ ಕಾರನ್ನೇ ಅದರ ಮೇಲೆ ಹಿಂದೆ ಮುಂದೆ ಓಡಿಸಿದೆ. ಹನ್ನೊಂದನೇ ಸುತ್ತಿನಲ್ಲಿ ಫೋನ್ ಬಂತು. ಆಂಟಿ.

"ಮಾಸ್ತರ್ರ, ಯಾರೋ ನಮ್ಮ ಕನೋಲಾ ಕೊಯ್ಕೊಂಡು ಹೋಗ್ಯಾರ. ಒಂದು ಕಡ್ಡಿ ಬಿಟ್ಟಿಲ್ಲ. ನಿಮ್ಮದು ಹಂಗ ಅದ."

ಹಿಮ ಕರಗಿ ಬೋರ್ಡುಗಳು ಕಾಣುತ್ತಿವೆ ಎಂದರು. ಹನ್ನೆರಡು ಮಲಗಿದ ಹಾಗೇ ಇದೆ, ಹನ್ನೊಂದು ಬೋಳು. ಆರನೇ ನಂಬರಿನ ಪಕ್ಕದಲ್ಲಿ ಗೊಬ್ಬರದ ಪೆಟ್ಟಿಗೆಯೊಂದಿದೆ. ಪ್ಲಾಟಿನಷ್ಟೇ ಉದ್ದ, ಪ್ಲಾಟಿನಷ್ಟೇ ಅಗಲ, ಅದೇ ಮರದ ಚೌಕಟ್ಟು. ಹಿಮದಡಿಯಲ್ಲಿ ನಾನು ಅದನ್ನೂ ಏಳು ಎಂದು ಎಣಿಸಿದ್ದೆ.

ಸುಳ್ಳು ಹೇಳಲು ನನಗೆ ಬರುವುದಿಲ್ಲ. ಬಂದಿದ್ದರೆ ಹೇಳುತ್ತಿದ್ದೆ. "ಆಂಟಿ, ಅದು ನನ್ನ ಕಾರಿನ ಕೆಳಗಿದೆ," ಎಂದೆ.

ಕಾಲು ಗಂಟೆಯಲ್ಲಿ ಅವರ ಕಾರು ಬಂತು. ಅವರ ಗಂಡ, ಅಂಕಲ್, ಚಹಾದ ಫ್ಲಾಸ್ಕ್ ಹಿಡಿದು ಒಳಗೇ ಕೂತರು. ಆಂಟಿ ಇಳಿದು, ಟಾರ್ಪಾಲಿನ ಅಂಚಿಗೆ ಬಂದು, ಬಗ್ಗಿ ಒಂದು ಹಿಡಿ ಕಾಳು ತೆಗೆದುಕೊಂಡರು. ಕಪ್ಪಗೆ, ದುಂಡಗೆ, ಚೆನ್ನಾಗಿ ಮಾಗಿದ್ದವು. ನಾನು ಕ್ಷಮೆ ಕೇಳಿದೆ. ಎಲ್ಲ ಕಾಳನ್ನೂ ಕೊಟ್ಟುಬಿಡುತ್ತೇನೆ, ನನ್ನ ಹೆಂಡತಿ ಬಿತ್ತಿದ್ದನ್ನು ಮಾತ್ರ ಗಾಳಿ ಬರುವ ಮೊದಲು ಕೊಯ್ದುಕೊಳ್ಳುತ್ತೇನೆ, ಅದೊಂದು ನನಗೆ ಬೇಕು ಎಂದೆ.

ಆಂಟಿ ಕಾಳನ್ನು ಅಂಗೈಯಲ್ಲಿ ಹೊರಳಿಸಿ ನೋಡಿದರು.

"ಇದನ ಅಕಿ ಬಿತ್ತಿದ್ದು," ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ಹೇಳಿದ್ದು ಹೀಗೆ. ಆಗಸ್ಟಿನಲ್ಲಿ ಆ ಗೊಬ್ಬರದ ಪೆಟ್ಟಿಗೆಯ ಮೇಲೆಲ್ಲ ಕುಂಬಳಬಳ್ಳಿ ಹಬ್ಬಿತ್ತು, ಥೇಟು ಪ್ಲಾಟಿನ ಹಾಗೆ. ಆಗ ಬೋರ್ಡುಗಳೂ ಇರಲಿಲ್ಲ. ನನ್ನ ಹೆಂಡತಿ ಬೆಳಗ್ಗೆ ಬೇಗ ಬಂದು, ಗೇಟಿನಿಂದ ಹನ್ನೆರಡು ಎಣಿಸಿ, ಬಿತ್ತಿ, ನೀರು ಹಾಕಿ ಮುಗಿಸಿದಾಗ ಆಂಟಿ ಬಂದರು. ಬಿತ್ತಿದ್ದು ಆಂಟಿಯ ಪ್ಲಾಟಿನಲ್ಲಿ. ಇಬ್ಬರೂ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರಂತೆ. ಆಮೇಲೆ ಆಂಟಿ ತಮ್ಮ ಪೊಟ್ಟಣವನ್ನು ನಮ್ಮ ಪ್ಲಾಟಿನಲ್ಲಿ ಬಿತ್ತಿದರು. ಅಂದರೆ ಎಂಟು ವಾರ ನಾನು ಅಳೆದು, ಫೋಟೊದಿಂದ ಕತ್ತರಿಸಿ, ಕದ್ದು, ಎಣಿಸಿ, ಹೊಟ್ಟೆ ಉರಿದುಕೊಂಡದ್ದು ನನ್ನ ಹೆಂಡತಿಯ ಬೆಳೆಯನ್ನೇ ನೋಡಿ.

ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಅಕೀಗೆ ಮಾತು ಕೊಟ್ಟಿದ್ದೆ. ಮಾಸ್ತರಗ ಹೇಳಬ್ಯಾಡ್ರಿ, ಜನ್ಮಪೂರ್ತಿ ಎಣಸೂದು ಕಲಸ್ತಾರ ಅಂದಿದ್ಲು." ಆಂಟಿ ಮುಖ ತಿರುಗಿಸಿಕೊಂಡರು. "ಮತ್ತ, ದಿನಾ ನಿಮ್ಮ ಸುದ್ದೀನ ಹೇಳತಿದ್ಲರಿ. ಅವರು ಹಂಗ ಅಂದ್ರು, ಹಿಂಗ ಅಂದ್ರು. ಅಕೀದು ಏನರ ಒಂದು, ನಿಮಗ ಗೊತ್ತಿರಲಾರದ್ದು, ನನಗೂ ಬೇಕಾಗಿತ್ತು."

ಆಗ ನನಗೆ ಸೆಪ್ಟೆಂಬರಿನ ಒಂದು ರಾತ್ರಿಯ ಊಟ ನೆನಪಾಯಿತು. ಯಾರೋ ಯಾರದೋ ಪ್ಲಾಟಿನಲ್ಲಿ ಬಿತ್ತಿದ್ದಾರೆ, ಇನ್ನು ಮುಂದೆ ಬೋರ್ಡು ನೆಡುತ್ತೇನೆ ಎಂದು ಮೇಲ್ವಿಚಾರಕ ಎಲ್ಲರಿಗೂ ಮೆಸೇಜ್ ಮಾಡಿದ್ದ. ಅದನ್ನು ಓದಿ, ಹನ್ನೆರಡರವರೆಗೆ ಎಣಿಸಲು ಬಾರದವರೂ ಈ ದೇಶಕ್ಕೆ ಬಂದಿದ್ದಾರಲ್ಲ ಎಂದು ನಾನು ಜೋರಾಗಿ ನಕ್ಕಿದ್ದೆ. ಅವಳು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದ್ದಳು.

ಆಂಟಿ ಸ್ವಲ್ಪ ಹೊತ್ತು ಬಿಟ್ಟು ಮೇಲ್ವಿಚಾರಕನಿಗೆ ಫೋನ್ ಮಾಡಿದರು. ಬೆಳಗ್ಗೆ ಕಳ್ಳತನವೆಂದು ದೂರು ಕೊಟ್ಟಿದ್ದರು, ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಿತ್ತು. ಕಳ್ಳ ಸಿಕ್ಕನೇ ಎಂದು ಅವನು ಕೇಳಿದ. ಸಿಕ್ಕ ಎಂದರು. ಹೇಗಾಯಿತು ಎಂದು ಕೇಳಿದ. ಎಣಿಸುವುದರಲ್ಲಿ ತಪ್ಪಾಯಿತಂತೆ ಎಂದರು. ಪಾಪ, ಏನು ಕೆಲಸ ಮಾಡುತ್ತಾನೆ ಎಂದು ಕೇಳಿದ. ಆಂಟಿ ನನ್ನ ಕಡೆ ನೋಡಿ, ಫೋನನ್ನು ಸ್ಪೀಕರಿಗೆ ಹಾಕಿ, ಸ್ಪಷ್ಟವಾದ ಇಂಗ್ಲಿಷಿನಲ್ಲಿ ಹೇಳಿದರು: "ಮ್ಯಾಥಮ್ಯಾಟಿಕ್ಸ್ ಟೀಚರ್."

ಕಾರಿನೊಳಗೆ ಅಂಕಲ್ ಚಹಾ ಚೆಲ್ಲಿಕೊಂಡರು.

ಅಂದು ಸಂಜೆಯೇ ಗಾಳಿ ಬರುವ ಮೊದಲು ಹನ್ನೆರಡನ್ನು ಮೂವರೂ ಸೇರಿ ಕೊಯ್ದೆವು. ಮುಂದಿನ ಶನಿವಾರ ತೋಟಕ್ಕೆ ಹೋದಾಗ ಹಳೆಯ ಬೋರ್ಡುಗಳೆಲ್ಲ ಹೋಗಿ, ನನ್ನ ಎದೆಯೆತ್ತರದ ಹೊಸ ಬೋರ್ಡುಗಳು ನಿಂತಿದ್ದವು. ಗೊಬ್ಬರದ ಪೆಟ್ಟಿಗೆಗೂ ಒಂದು ಬೋರ್ಡು ಬಂದಿತ್ತು: ಇದನ್ನು ಎಣಿಸಬೇಡಿ. ತೋಟದ ಬಾಕಿ ಬೋರ್ಡುಗಳೆಲ್ಲ ಇಂಗ್ಲಿಷಿನಲ್ಲಿವೆ. ಅದೊಂದು ಮಾತ್ರ ಆಂಟಿಯ ಕೈಬರಹದಲ್ಲಿ, ಕನ್ನಡದಲ್ಲಿದೆ. ಈವರೆಗೆ ತಪ್ಪಾಗಿ ಎಣಿಸಿದ ಇಬ್ಬರಿಗೂ ಓದಲು ಅನುಕೂಲವಾಗಲಿ ಎಂದು.